ಸಂಗ್ರಾಹಕರು ಹಂಬಲಿಸುವ ಹಳೆಯ ಬಂದೂಕುಗಳು

ಬಂದೂಕು ಸಂಗ್ರಾಹಕರು ಎಂದಾದರೊಮ್ಮೆ ತಮ್ಮದಾಗಬೇಕೆಂದು ಹಂಬಲಿಸುವ ಆಯುಧಗಳಲ್ಲಿ ಬಹುಪಾಲು ಎರಡನೇ ಮಹಾಯುದ್ಧಕ್ಕಿಂತ ಹಿಂದಿನವು. ಈ ಹವ್ಯಾಸ ದೊಡ್ಡದಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನವರ ಬಯಕೆಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು ಕೆಲವೇ: ಕೋಲ್ಟ್ ರಿವಾಲ್ವರ್, ವಿಂಚೆಸ್ಟರ್ ರೈಫಲ್, ಲೂಗರ್ ಪಿಸ್ತೂಲು, 1911, ಗ್ಯಾರಂಡ್, ಲೀ-ಎನ್‌ಫೀಲ್ಡ್, ಲಂಡನ್ನಿನ ಪರ್ಡಿ ಕೋವಿ. ಇವುಗಳಲ್ಲಿ ಯಾವುದೂ ಇಂದಿನ ಸೈನಿಕನ ರೈಫಲ್ಲಿಗೆ ಸಾಟಿಯಲ್ಲ. ಬಲಕ್ಕಾಗಿ ಇವನ್ನು ಯಾರೂ ಬಯಸುವುದೂ ಇಲ್ಲ. ಯಂತ್ರವಿದ್ಯೆಯ ಯಾವುದೋ ಒಂದು ತೊಡಕನ್ನು ಮೊದಲಿಗೆ ಅಥವಾ ಸೊಗಸಾಗಿ ಬಿಡಿಸಿದ ವಸ್ತುಗಳು ಇವು. ಎಲ್ಲಿ ತಯಾರಾಯಿತು, ಯಾರ ಕೈಗೆ ಹೋಯಿತು, ಯಾವ ಯುದ್ಧ ಕಂಡಿತು ಎಂಬುದನ್ನು ಹುಡುಕಿ ತೆಗೆಯಬಹುದಾದ ಚರಿತ್ರೆಯೂ ಇವಕ್ಕಿದೆ. ಸಂಗ್ರಾಹಕನ ಹಣ ಹೋಗುವುದು ಈ ಚರಿತ್ರೆಗೆ.

ಅಮೆರಿಕದ ಕಾನೂನು ಕೂಡ ಹಳೆಯ ಬಂದೂಕನ್ನು ಬೇರೆಯಾಗಿಯೇ ಕಾಣುತ್ತದೆ. 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದವು ಪುರಾತನ ವಸ್ತುಗಳು. ಆ ಕಾಯ್ದೆ ಬಂದೂಕಿಗೆ ಹಾಕುವ ಹೆಚ್ಚಿನ ನಿರ್ಬಂಧಗಳು ಅವಕ್ಕೆ ತಾಗುವುದಿಲ್ಲ. ಐವತ್ತು ವರ್ಷ ದಾಟಿದ ಬಂದೂಕುಗಳಿಗೆ ಮತ್ತೊಂದು ವರ್ಗವಿದೆ. ಸಂಗ್ರಾಹಕರಿಗೆಂದೇ ಇರುವ ಲೈಸೆನ್ಸ್ ಪಡೆದವರು ಆ ವರ್ಗದ ಬಂದೂಕುಗಳನ್ನು ಬೇರೆ ರಾಜ್ಯಗಳಿಂದಲೂ ನೇರವಾಗಿ ತರಿಸಿಕೊಳ್ಳಬಹುದು. 1898 ಮತ್ತು 1899ರ ನಡುವಿನ ಗೆರೆ ಎಷ್ಟು ಮುಖ್ಯವೆಂದರೆ, ಒಂದೇ ಮಾದರಿಯ ಎರಡು ರೈಫಲ್‌ಗಳಲ್ಲಿ ಒಂದು ಪುರಾತನ ವಸ್ತುವಾಗಿ, ಇನ್ನೊಂದು ಬಂದೂಕಾಗಿ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ತಯಾರಿಕೆಯ ಸರಣಿ ಸಂಖ್ಯೆಯನ್ನು ಓದುವುದೇ ಅಲ್ಲಿ ಒಂದು ವಿದ್ಯೆ.

ಪಟ್ಟಿಯ ತಲೆಯಲ್ಲಿ ಸಾಮಾನ್ಯವಾಗಿ ಇರುವುದು ಕೋಲ್ಟ್. ಸ್ಯಾಮ್ಯುಯಲ್ ಕೋಲ್ಟ್ ತಿರುಗುವ ಸಿಲಿಂಡರಿನ ಬಂದೂಕಿಗೆ ಅಮೆರಿಕದಲ್ಲಿ ಹಕ್ಕುಪತ್ರ ಪಡೆದದ್ದು 1836ರಲ್ಲಿ. ನ್ಯೂಜೆರ್ಸಿಯ ಪ್ಯಾಟರ್‌ಸನ್‌ನಲ್ಲಿ ತೆರೆದ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಅವನನ್ನು ಮೇಲೆತ್ತಿದ್ದು ಮೆಕ್ಸಿಕೋ ಜತೆಗಿನ ಯುದ್ಧ. ಟೆಕ್ಸಾಸಿನ ಕುದುರೆ ಪಡೆಯಲ್ಲಿದ್ದ ಸ್ಯಾಮ್ಯುಯಲ್ ವಾಕರ್ ಇನ್ನೂ ದೊಡ್ಡ, ಆರು ಗುಂಡಿನ ಕೈಬಂದೂಕು ಬೇಕೆಂದು ಕೇಳಿದ. 1847ರಲ್ಲಿ ಸೇನೆಗೆಂದು ಸಾವಿರ, ಖಾಸಗಿ ಮಾರಾಟಕ್ಕೆಂದು ನೂರು, ಒಟ್ಟು ಸುಮಾರು 1,100 ವಾಕರ್ ಕೋಲ್ಟ್‌ಗಳು ತಯಾರಾದವು. ಆಗ ಕೋಲ್ಟ್‌ಗೆ ಸ್ವಂತ ಕಾರ್ಖಾನೆಯೂ ಇರಲಿಲ್ಲ. ಕನೆಕ್ಟಿಕಟ್‌ನಲ್ಲಿ ಬಂದೂಕು ತಯಾರಕ ಎಲಿ ವಿಟ್ನಿಯ ಮಗನ ಕಾರ್ಖಾನೆಯಲ್ಲಿ ಕೆಲಸ ಮಾಡಿಸಿದ. ಒಂದೊಂದರ ತೂಕ ಎರಡು ಕಿಲೋ. ಸೊಂಟಕ್ಕೆ ಸಿಕ್ಕಿಸಿಕೊಳ್ಳಲಾಗದ ಇವನ್ನು ಸವಾರರು ಜೀನಿಗೆ ತೂಗುಹಾಕಿಕೊಳ್ಳುತ್ತಿದ್ದರು. ಮದ್ದಿನ ಒತ್ತಡ ತಾಳದೆ ಕೆಲವು ಸಿಲಿಂಡರುಗಳು ಸಿಡಿದವು. ತಯಾರಾದದ್ದೇ ಕಡಿಮೆ, ಯುದ್ಧದಲ್ಲಿ ಹಾಳಾದವು ಹಲವು. ಉಳಿದವು ಇಂದು ಅಪರೂಪದಲ್ಲಿ ಅಪರೂಪ. ಖಾಸಗಿ ಮಾರಾಟದ ನೂರರಲ್ಲಿ ಒಂದು 2018ರಲ್ಲಿ ಅಮೆರಿಕದ ಹರಾಜೊಂದರಲ್ಲಿ 18 ಲಕ್ಷ 40 ಸಾವಿರ ಡಾಲರಿಗೆ ಹೋಯಿತು.

ವಾಕರ್ ಸಾಮಾನ್ಯ ಸಂಗ್ರಾಹಕನ ಕೈಗೆ ಎಟುಕುವ ಮಾತಲ್ಲ. ಅವನು ನಿಜವಾಗಿ ಆಸೆಪಡುವುದು 1873ರ ಸಿಂಗಲ್ ಆಕ್ಷನ್ ಆರ್ಮಿಗೆ. ಕೌಬಾಯ್ ಸಿನಿಮಾ ನೋಡಿದ ಯಾರಿಗೂ ಇದರ ಆಕಾರ ಪರಿಚಿತ: ಉದ್ದ ನಳಿಗೆ, ಬಾಗಿದ ಹಿಡಿ, ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಎಳೆಯಬೇಕಾದ ಸುತ್ತಿಗೆ. ಈ ರಿವಾಲ್ವರ್ ಅಷ್ಟು ತಡವಾಗಿ ಬಂದದ್ದಕ್ಕೆ ಕಾರಣವಿದೆ. ಸಿಲಿಂಡರಿನ ಹಿಂಬದಿಯಿಂದ ಲೋಹದ ತೋಟಾ ತುಂಬುವ ವಿಧಾನದ ಹಕ್ಕು ರೋಲಿನ್ ವೈಟ್ ಎಂಬಾತನದು. ಅದನ್ನು ಬಳಸುವ ಅನುಮತಿ ಪಡೆದಿದ್ದವರು ಕೋಲ್ಟ್‌ನ ಎದುರಾಳಿಗಳಾದ ಸ್ಮಿತ್ ಅಂಡ್ ವೆಸನ್. 1869ರಲ್ಲಿ ಆ ಹಕ್ಕಿನ ಅವಧಿ ಮುಗಿದ ಮೇಲಷ್ಟೇ ಕೋಲ್ಟ್‌ಗೆ ದಾರಿ ತೆರೆಯಿತು. ಸ್ಯಾಮ್ಯುಯಲ್ ಕೋಲ್ಟ್ ಅಷ್ಟರಲ್ಲಿ, 1862ರಲ್ಲೇ, ತೀರಿಕೊಂಡಿದ್ದ. ತನ್ನ ಹೆಸರನ್ನು ಮನೆಮಾತಾಗಿಸಿದ ರಿವಾಲ್ವರನ್ನು ಅವನು ಕಾಣಲೇ ಇಲ್ಲ.

1873ರಿಂದ 1940ರವರೆಗೆ ಇವು ಸುಮಾರು ಮೂರೂವರೆ ಲಕ್ಷ ತಯಾರಾದವು. ಅಂದಮೇಲೆ ಎಲ್ಲವೂ ಒಂದೇ ಬೆಲೆಯವಲ್ಲ. ಏಳೂವರೆ ಇಂಚಿನ ನಳಿಗೆಯಿದ್ದು, ಸೇನೆಯ ತಪಾಸಣಾಧಿಕಾರಿ ಐನ್ಸ್‌ವರ್ತ್‌ನ ಮುದ್ರೆ ಇರುವ ಮೊದಲ ಕಂತಿನವುಗಳಿಗೆ ಬಹಳ ಬೇಡಿಕೆ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಮೂಲನಿವಾಸಿಗಳೆದುರು ಸೇನಾಧಿಕಾರಿ ಕಸ್ಟರ್‌ನ ಪಡೆ ನಾಶವಾದಾಗ ಆ ಸೈನಿಕರ ಬಳಿ ಇದ್ದವು ಇದೇ ಕಂತಿನ ರಿವಾಲ್ವರುಗಳು. ಬಂದೂಕಿನ ಜತೆ ಕಥೆ ಸೇರಿದರೆ ಬೆಲೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಇನ್ನೊಂದು ಕೋಲ್ಟ್ ಸಾಕ್ಷಿ. 1881ರ ಜುಲೈಯಲ್ಲಿ ಶೆರಿಫ್ ಪ್ಯಾಟ್ ಗ್ಯಾರೆಟ್ ದರೋಡೆಕೋರ ಬಿಲ್ಲಿ ದ ಕಿಡ್‌ನನ್ನು ಕೊಂದ ರಿವಾಲ್ವರ್ 2021ರಲ್ಲಿ ಬಾನಮ್ಸ್ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಅದೇ ವರ್ಷ ಅದೇ ಕಾರ್ಖಾನೆಯಿಂದ ಹೊರಬಂದ, ಕಥೆಯಿಲ್ಲದ ಕೋಲ್ಟ್ ಕೆಲವು ಸಾವಿರ ಡಾಲರಿಗೆ ಸಿಗುತ್ತದೆ.

ಕೋಲ್ಟ್‌ನ ಜೋಡಿ ವಿಂಚೆಸ್ಟರ್. ಆಲಿವರ್ ವಿಂಚೆಸ್ಟರ್ ಮೂಲತಃ ಅಂಗಿ ತಯಾರಿಸುವ ಉದ್ಯಮಿ. ನಷ್ಟದಲ್ಲಿದ್ದ ಬಂದೂಕು ಕಂಪನಿಯಲ್ಲಿ ಹಣ ಹೂಡಿ ಕೊನೆಗೆ ಅದರ ಒಡೆಯನಾದ. ಅವನ ಬಳಿ ಕೆಲಸಕ್ಕಿದ್ದ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ರೂಪಿಸಿದ ರೈಫಲ್ಲಿನಲ್ಲಿ ಹದಿನಾರು ಗುಂಡು ಹಿಡಿಯುತ್ತಿತ್ತು. ಬಂದೂಕಿನ ಕುದುರೆಯ (ಟ್ರಿಗರ್) ಸುತ್ತಲಿನ ಸನ್ನೆಯನ್ನು ಕೆಳಕ್ಕೆ ತಳ್ಳಿ ಎಳೆದರೆ ಮುಂದಿನ ಗುಂಡು ತಾನಾಗಿ ಏರುತ್ತಿತ್ತು. ಹೆಚ್ಚಿನ ಸೈನಿಕರು ಒಂದು ಗುಂಡು ಹಾರಿಸಿ ನಳಿಗೆಯ ಬಾಯಿಂದ ಮತ್ತೆ ಮದ್ದು ಗಿಡಿಯುತ್ತಿದ್ದ ಕಾಲವದು. ಈ ದಾರಿಯಲ್ಲೇ ಮುಂದೆ ಬಂದ 1873ರ ವಿಂಚೆಸ್ಟರ್‌ ಸುಮಾರು ಏಳು ಲಕ್ಷ ತಯಾರಾದವು. ಅದರ .44-40 ತೋಟಾವನ್ನು ಹಾರಿಸಬಲ್ಲ ರಿವಾಲ್ವರನ್ನು ಕೋಲ್ಟ್ ಕೂಡ ಮಾರುಕಟ್ಟೆಗೆ ಬಿಟ್ಟಿದ್ದರಿಂದ, ಒಂದೇ ಚೀಲದ ತೋಟಾ ಎರಡು ಆಯುಧಗಳಿಗೂ ಆಗುತ್ತಿತ್ತು. ಅಂಗಡಿಯಿಂದ ನೂರಾರು ಮೈಲಿ ದೂರ ಬದುಕುತ್ತಿದ್ದ ದನಗಾಹಿಗೆ ಇದು ಸಣ್ಣ ಅನುಕೂಲವಲ್ಲ.

ಈ ಮಾದರಿಯಲ್ಲಿ ಸಂಗ್ರಾಹಕರನ್ನು ಕಾಡುವುದು ‘ಸಾವಿರಕ್ಕೊಂದು’ ಎಂಬ ವಿಶೇಷ ಶ್ರೇಣಿ. ಕಾರ್ಖಾನೆಯಲ್ಲಿ ಗುರಿ ಪರೀಕ್ಷಿಸುವಾಗ ಅತಿ ನಿಖರವೆಂದು ಕಂಡ ನಳಿಗೆಗಳನ್ನು ಬೇರೆ ಮಾಡಿ, ಚೆನ್ನಾಗಿ ಸಿಂಗರಿಸಿ ನೂರು ಡಾಲರಿಗೆ ಮಾರುತ್ತಿದ್ದರು. 1873ರ ಮಾದರಿಯಲ್ಲಿ ಹೀಗೆ ಹೊರಬಂದವು ನೂರಮೂವತ್ತರ ಆಸುಪಾಸು. 1950ರಲ್ಲಿ ಜೇಮ್ಸ್ ಸ್ಟುವರ್ಟ್ ನಟಿಸಿದ ‘ವಿಂಚೆಸ್ಟರ್ 73’ ಸಿನಿಮಾದ ಕಥೆ ನಡೆಯುವುದೇ ಇಂಥ ಒಂದು ರೈಫಲ್ಲಿನ ಸುತ್ತ. ಸಿನಿಮಾದ ಪ್ರಚಾರಕ್ಕಾಗಿ ಯೂನಿವರ್ಸಲ್ ಸಂಸ್ಥೆ ಉಳಿದಿರುವ ‘ಸಾವಿರಕ್ಕೊಂದು’ಗಳನ್ನು ಹುಡುಕಲು ದೇಶವ್ಯಾಪಿ ಕರೆ ಕೊಟ್ಟಿತು. ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ ಎಷ್ಟೋ ರೈಫಲ್‌ಗಳು ಆಗ ಬೆಳಕಿಗೆ ಬಂದವು.

ವಿಂಚೆಸ್ಟರ್ 73ರ ಅತ್ಯಂತ ವಿಸ್ಮಯದ ಪ್ರಸಂಗ ನಡೆದದ್ದು 2014ರ ನವೆಂಬರಿನಲ್ಲಿ. ನೆವಾಡದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಪುರಾತತ್ವ ಸಿಬ್ಬಂದಿಯ ಕಣ್ಣಿಗೆ ಜೂನಿಪರ್ ಮರಕ್ಕೆ ಒರಗಿಸಿಟ್ಟ ರೈಫಲ್ ಒಂದು ಬಿತ್ತು. ಮರದ ಹಿಡಿ ಬಿರಿದು ಬೂದುಬಣ್ಣಕ್ಕೆ ತಿರುಗಿ, ಅದರ ಬುಡ ಮಣ್ಣಿನಲ್ಲಿ ಹೂತಿತ್ತು. ಸರಣಿ ಸಂಖ್ಯೆಯನ್ನು ವಯೋಮಿಂಗ್‌ನ ಕೋಡಿ ಊರಿನ ಬಂದೂಕು ವಸ್ತುಸಂಗ್ರಹಾಲಯದಲ್ಲಿರುವ ಕಂಪನಿಯ ಹಳೆಯ ದಾಖಲೆಗಳ ಜತೆ ತಾಳೆ ನೋಡಿದಾಗ ಅದು 1882ರಲ್ಲಿ ತಯಾರಾದದ್ದು ಎಂದು ತಿಳಿಯಿತು. ಮರದ ಹಿಡಿಯೊಳಗಿನ ಗೂಡಿನಲ್ಲಿ ಒಂದು ತೋಟಾ ಕೂಡ ಸಿಕ್ಕಿತು. ಯಾರು ಒರಗಿಸಿಟ್ಟರು, ಏಕೆ ಮರಳಿ ಬರಲಿಲ್ಲ ಎಂಬುದು ಬಗೆಹರಿದಿಲ್ಲ. ಅದಕ್ಕೆ ಹೊಳಪು ಕೊಡುವ ಗೋಜಿಗೆ ಹೋಗದೆ, ಸಿಕ್ಕಿದ ಸ್ಥಿತಿಯಲ್ಲೇ ಸಂರಕ್ಷಿಸಿದ್ದು ಸರಿಯಾದ ತೀರ್ಮಾನ.

ವಿಂಚೆಸ್ಟರಿನ ಮುಂದಿನ ಮಾದರಿಗಳ ಹಿಂದಿರುವ ತಲೆ ಜಾನ್ ಮೋಸೆಸ್ ಬ್ರೌನಿಂಗ್ ಅವರದು. 1855ರಲ್ಲಿ ಯೂಟಾದ ಆಗ್ಡನ್‌ನಲ್ಲಿ ಬಂದೂಕು ರಿಪೇರಿಯವನ ಮಗನಾಗಿ ಹುಟ್ಟಿದ ಅವರು ಬದುಕಿನುದ್ದಕ್ಕೂ 128 ಹಕ್ಕುಪತ್ರಗಳನ್ನು ಪಡೆದರು. ಅವರು ರೂಪಿಸಿದ 1895ರ ವಿಂಚೆಸ್ಟರಿಗೆ ಕನ್ನಡ ಓದುಗರೊಂದಿಗೆ ನೇರ ನಂಟಿದೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೋಗುವಾಗ ಒಯ್ಯುತ್ತಿದ್ದ .405 ರೈಫಲ್ ಇದೇ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದ ಆಂಡರ್ಸನ್ ಸಾಹಸಗಳನ್ನು ಓದಿದವರು, ಹೆಸರು ಗೊತ್ತಿಲ್ಲದೆಯೇ, ಈ ರೈಫಲ್ಲಿನ ಪಕ್ಕದಲ್ಲಿ ರಾತ್ರಿಗಳನ್ನು ಕಳೆದಿದ್ದಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಒಯ್ದದ್ದೂ .405 ವಿಂಚೆಸ್ಟರನ್ನೇ. ಹಳೆಯ ಸನ್ನೆ ರೈಫಲ್‌ಗಳಲ್ಲಿ ಗುಂಡುಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗುತ್ತಿದ್ದವು. ಚೂಪು ಮೂತಿಯ ಗುಂಡಾದರೆ ಮುಂದಿನ ತೋಟಾದ ಬುಡಕ್ಕೆ ಕುಟ್ಟಿ ಸಿಡಿಯುವ ಅಪಾಯ. ಬ್ರೌನಿಂಗ್ 1895ರಲ್ಲಿ ಕೊಳವೆ ಬಿಟ್ಟು ಪೆಟ್ಟಿಗೆಯಾಕಾರದ ಮ್ಯಾಗಜಿನ್ ಇಟ್ಟರು. ಚೂಪು ಗುಂಡಿಗೂ ಬಲವಾದ ತೋಟಾಕ್ಕೂ ಆಗ ಎಡೆಯಾಯಿತು.

ಬ್ರೌನಿಂಗ್ ಅವರ ಇನ್ನೊಂದು ಕೃತಿ ಅಮೆರಿಕದ ಬಹುತೇಕ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ: .45 ತೋಟಾದ 1911 ಪಿಸ್ತೂಲು. 1911ರ ಮಾರ್ಚ್‌ನ ಪರೀಕ್ಷೆಯಲ್ಲಿ ಆರು ಸಾವಿರ ಗುಂಡು ಹಾರಿಸಿದರೂ ಅದು ಒಮ್ಮೆಯೂ ಕೈಕೊಡಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಸೇನೆ ಒಪ್ಪಿಕೊಂಡ ಪಿಸ್ತೂಲು 1985ರವರೆಗೆ ಅಧಿಕೃತ ಆಯುಧವಾಗಿ ಉಳಿಯಿತು. ಗುಂಡು ಹಾರಿದ ಹಿಮ್ಮೆಟ್ಟಿಗೆ ನಳಿಗೆಯೂ ಮೇಲಿನ ಕವಚವೂ ಸೇರಿ ಸ್ವಲ್ಪ ಹಿಂದೆ ಸರಿದು, ನಳಿಗೆಯ ಹಿಂಬದಿ ಕೆಳಗೆ ಬಾಗಿ ಕವಚದಿಂದ ಬಿಡಿಸಿಕೊಳ್ಳುವ ತಂತ್ರ ಬ್ರೌನಿಂಗ್ ಅವರದು. ಇಂದಿನ ಹೆಚ್ಚಿನ ಪಿಸ್ತೂಲುಗಳು ಇದರ ಮಾರ್ಪಾಡುಗಳೇ.

ಎರಡನೇ ಮಹಾಯುದ್ಧದಲ್ಲಿ ಕೋಲ್ಟ್ ಒಂದರಿಂದಲೇ ಬೇಡಿಕೆ ಪೂರೈಸಲಾಗದೆ ಸರ್ಕಾರ ಬೇರೆ ಕಾರ್ಖಾನೆಗಳಿಗೂ ಕೆಲಸ ಹಂಚಿತು. ಟೈಪ್‌ರೈಟರ್ ತಯಾರಿಸುತ್ತಿದ್ದ ರೆಮಿಂಗ್ಟನ್ ರಾಂಡ್, ರೈಲ್ವೆ ಸಿಗ್ನಲ್ ತಯಾರಿಸುತ್ತಿದ್ದ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಪಿಸ್ತೂಲು ತಯಾರಿಗೆ ಇಳಿದವು. ನಮ್ಮ ಊರುಗಳ ದರ್ಜಿ ಅಂಗಡಿಯಲ್ಲಿ ಹೆಸರು ಓದಿದ ಹೊಲಿಗೆ ಯಂತ್ರದ ಸಿಂಗರ್ ಕಂಪನಿಯೂ ಅವುಗಳಲ್ಲಿ ಒಂದು. ಸಿಂಗರ್ ಪ್ರಾಯೋಗಿಕವಾಗಿ 500 ಪಿಸ್ತೂಲುಗಳನ್ನು ಮಾಡಿಕೊಟ್ಟಿತು. ಅದರ ಸೂಕ್ಷ್ಮ ಯಂತ್ರಗಳಿಗೆ ಹೆಚ್ಚಿನ ಕೆಲಸವಿದೆಯೆಂದು ಸರ್ಕಾರ ಅದನ್ನು ತೋಪುಗಳ ಗುರಿ ಲೆಕ್ಕಹಾಕುವ ಸಾಧನಗಳ ತಯಾರಿಕೆಗೆ ಹಚ್ಚಿತು. ಆ 500 ಮಾತ್ರ ಉಳಿದವು, ಅವೂ ಯುದ್ಧದಲ್ಲಿ ಚದುರಿದವು. ಇಂದು ಸಿಂಗರ್ ಮುದ್ರೆಯಿರುವ ಒಂದು 1911ಕ್ಕೆ ಲಕ್ಷ ಡಾಲರ್ ದಾಟಿದ ಬೆಲೆ ಬಂದದ್ದಿದೆ. ಬಳಕೆಯಲ್ಲಿ ಅದು ರೆಮಿಂಗ್ಟನ್ ರಾಂಡ್ ಪಿಸ್ತೂಲಿಗಿಂತ ಒಂದು ಗುಲಗಂಜಿಯಷ್ಟೂ ಭಿನ್ನವಲ್ಲ.

1911ಕ್ಕಿಂತ ಮೊದಲು ಬಂದ ಜರ್ಮನಿಯ ಲೂಗರ್ ನೋಟದಲ್ಲೇ ಬೇರೆ. ಗಿಯೋರ್ಗ್ ಲೂಗರ್ ರೂಪಿಸಿದ ಈ ಪಿಸ್ತೂಲಿನ ಮೇಲ್ಭಾಗದಲ್ಲಿ ಮೊಣಕಾಲಿನಂತೆ ಮಡಚುವ ಕೀಲಿದೆ. ಗುಂಡು ಹಾರಿದಾಗ ಕೀಲು ಮೇಲಕ್ಕೆ ಮಡಚಿ ಖಾಲಿ ತೋಟಾವನ್ನು ಎಸೆಯುತ್ತದೆ. 1900ರಲ್ಲಿ ಸ್ವಿಟ್ಜರ್ಲೆಂಡ್, 1904ರಲ್ಲಿ ಜರ್ಮನ್ ನೌಕಾಪಡೆ, 1908ರಲ್ಲಿ ಜರ್ಮನ್ ಭೂಸೇನೆ ಇದನ್ನು ಒಪ್ಪಿಕೊಂಡವು. ಇದಕ್ಕೆಂದು ಸಿದ್ಧವಾದ 9 ಮಿಲಿಮೀಟರ್ ತೋಟಾ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪಿಸ್ತೂಲು ತೋಟಾ. ಲೂಗರ್ ಅನ್ನು ಕೈಯಿಂದ ಅರೆದು ಹೊಂದಿಸುತ್ತಿದ್ದರು, ಆದ್ದರಿಂದ ಸಣ್ಣ ಭಾಗಗಳ ಮೇಲೂ ಸರಣಿ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಒತ್ತುತ್ತಿದ್ದರು. ಎಲ್ಲ ಅಂಕಿಗಳೂ ಹೊಂದಿದರೆ ಒಂದು ಬೆಲೆ, ಒಂದು ಹೊಂದದಿದ್ದರೂ ಅದರ ಸಣ್ಣ ಪಾಲು. ಎರಡನೇ ಮಹಾಯುದ್ಧ ಮುಗಿಸಿ ಮರಳಿದ ಅಮೆರಿಕದ ಸೈನಿಕರು ಸೋತವರ ಲೂಗರ್‌ಗಳನ್ನು ಮೇಲಧಿಕಾರಿಯ ಅನುಮತಿ ಚೀಟಿಯೊಂದಿಗೆ ಮನೆಗೆ ತಂದರು. ಆ ಹಳದಿಗಟ್ಟಿದ ಚೀಟಿ ಜತೆಗಿದ್ದರೆ ಪಿಸ್ತೂಲಿನ ಬೆಲೆ ಮತ್ತೂ ಏರುತ್ತದೆ. ಅಮೆರಿಕ ಸೇನೆಯ 1907ರ ಪರೀಕ್ಷೆಗೆಂದು .45 ತೋಟಾಕ್ಕೆ ಹೊಂದಿಸಿ ಮಾಡಿದ ಬೆರಳೆಣಿಕೆಯ ಲೂಗರ್‌ಗಳಲ್ಲಿ ಉಳಿದದ್ದಕ್ಕೆ ಸಂಗ್ರಾಹಕರು ಇಟ್ಟ ಹೆಸರು ‘ಮಿಲಿಯನ್ ಡಾಲರ್ ಲೂಗರ್’.

ಇಷ್ಟು ದೂರದ ಕನಸುಗಳ ನಡುವೆ ಸಾಮಾನ್ಯ ಸಂಬಳದವನೂ ಕೊಳ್ಳಬಹುದಾದ ಚಾರಿತ್ರಿಕ ರೈಫಲ್ ಎಂದರೆ ಎಂ1 ಗ್ಯಾರಂಡ್. ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದ ಜಾನ್ ಗ್ಯಾರಂಡ್ ಮ್ಯಾಸಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯ ನೌಕರ. ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾಗಿದ್ದ ಕಾಲದಲ್ಲಿ, ಕುದುರೆ ಅದುಮಿದಷ್ಟು ಸಲ ಹಾರುವ ಎಂಟು ಗುಂಡಿನ ರೈಫಲ್ಲನ್ನು ಅವರು ಸಿದ್ಧಪಡಿಸಿದರು. ನಳಿಗೆಯೊಳಗಿನ ಅನಿಲದ ಒಂದಂಶವೇ ಯಂತ್ರವನ್ನು ಹಿಂದೆ ತಳ್ಳುತ್ತದೆ. 1936ರಲ್ಲಿ ಸೇನೆ ಇದನ್ನು ಒಪ್ಪಿತು, ಮುಂದೆ ಐವತ್ತು ಲಕ್ಷಕ್ಕೂ ಹೆಚ್ಚು ತಯಾರಾದವು. ಎಂಟನೆಯ ಗುಂಡು ಮುಗಿದಾಗ ತೋಟಾಗಳನ್ನು ಹಿಡಿದಿದ್ದ ಉಕ್ಕಿನ ಪಟ್ಟಿ ಟಿಣ್ ಎಂದು ಹೊರಗೆ ಚಿಮ್ಮುವ ಸದ್ದಿಗೇ ಅಭಿಮಾನಿಗಳಿದ್ದಾರೆ. ಗ್ಯಾರಂಡ್ ತಮ್ಮ ಆವಿಷ್ಕಾರದ ಹಕ್ಕನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಒಂದು ರೈಫಲ್ಲಿಗೆ ಇಷ್ಟು ಎಂಬ ಗೌರವಧನ ಅವರಿಗೆ ಬರಲಿಲ್ಲ. ಒಂದು ಲಕ್ಷ ಡಾಲರ್ ಕೊಡಬೇಕೆಂಬ ಮಸೂದೆ ಸಂಸತ್ತಿನಲ್ಲಿ ಬಂದು ಬಿದ್ದುಹೋಯಿತು. ಅಷ್ಟು ದೊಡ್ಡ ಯುದ್ಧವನ್ನು ಹೊತ್ತ ರೈಫಲ್ಲಿನ ಕರ್ತೃವಿಗೆ ದೇಶ ತೋರಿದ ಕೃತಜ್ಞತೆ ಬಹಳ ಕಡಿಮೆಯಾಯಿತು. ಇಂದು ಸೇನೆಯ ಹೆಚ್ಚುವರಿ ಗ್ಯಾರಂಡ್‌ಗಳನ್ನು ಗುರಿಕಾರಿಕೆಗೆ ಉತ್ತೇಜನ ಕೊಡುವ ಸಂಸ್ಥೆಯೊಂದು ಅರ್ಹ ನಾಗರಿಕರಿಗೆ ಮಾರುತ್ತದೆ. 2018ರಿಂದ ಹಳೆಯ 1911 ಪಿಸ್ತೂಲುಗಳೂ ಹೀಗೆ ಸಿಗುತ್ತಿವೆ.

ಬ್ರಿಟಿಷ್ ಸಾಮ್ರಾಜ್ಯದ ಲೀ-ಎನ್‌ಫೀಲ್ಡ್ ಭಾರತೀಯರಿಗೆ ‘ತ್ರೀ ನಾಟ್ ತ್ರೀ’ ಎಂದೇ ಪರಿಚಿತ. ಹತ್ತು ಗುಂಡಿನ ಮ್ಯಾಗಜಿನ್, ವೇಗವಾಗಿ ಆಡುವ ಬೋಲ್ಟ್ ಇದರ ಹೆಗ್ಗಳಿಕೆ. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸಿಪಾಯಿಗಳು ಹೊತ್ತದ್ದು ಇದನ್ನೇ. ಬಂಗಾಳದ ಇಷಾಪುರದ ಕಾರ್ಖಾನೆ ಸ್ವಾತಂತ್ರ್ಯದ ನಂತರವೂ ಇದನ್ನು ತಯಾರಿಸಿತು. 1960ರ ದಶಕದಲ್ಲಿ 7.62 ಮಿಲಿಮೀಟರ್ ತೋಟಾಕ್ಕೆ ಹೊಂದುವಂತೆ ಗಟ್ಟಿ ಉಕ್ಕಿನಲ್ಲಿ ‘2ಎ’ ಮಾದರಿಯನ್ನು ಹೊರತಂದಿತು. ಆ ಇಷಾಪುರ ರೈಫಲ್‌ಗಳು ಹೆಚ್ಚುವರಿ ಸರಕಾಗಿ ಅಮೆರಿಕ ತಲುಪಿ ಅಲ್ಲಿನ ಸಂಗ್ರಾಹಕರ ಗೋಡೆ ಸೇರಿವೆ. ಭಾರತದಲ್ಲಿ ಅದು ಪೊಲೀಸರ ಹೆಗಲಿನಿಂದ ಇಳಿದದ್ದು ತೀರ ಈಚೆಗೆ. ಉತ್ತರ ಪ್ರದೇಶದ ಪೊಲೀಸರು .303ಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಪಟ್ಟಿಯಲ್ಲಿದ್ದರೂ ಹೆಚ್ಚಿನವರ ಕೈಗೆ ಎಂದೂ ಬಾರದ್ದು ಥಾಮ್ಸನ್ ಸಬ್‌ಮಷಿನ್ ಗನ್. ಮೊದಲ ಮಹಾಯುದ್ಧದ ಕಂದಕಗಳಿಗೆಂದು ಕಲ್ಪಿಸಿದ ಇದು ಸಿದ್ಧವಾಗುವ ಹೊತ್ತಿಗೆ ಯುದ್ಧ ಮುಗಿದಿತ್ತು. ಕೋಲ್ಟ್ ಕಾರ್ಖಾನೆ ತಯಾರಿಸಿದ 15 ಸಾವಿರದಲ್ಲಿ ಕೆಲವು ಶಿಕಾಗೋದ ಪಾತಕಿಗಳ ಕೈ ಸೇರಿ ಕುಖ್ಯಾತವಾದವು. ಅದರ ಪರಿಣಾಮವಾಗಿಯೇ 1934ರಲ್ಲಿ ಯಂತ್ರಬಂದೂಕುಗಳಿಗೆ ನೋಂದಣಿಯೂ 200 ಡಾಲರ್ ತೆರಿಗೆಯೂ ಬಂದವು. ಆ ಕಾಲಕ್ಕೆ ತೆರಿಗೆ ಬಂದೂಕಿನ ಬೆಲೆಯಷ್ಟೇ ಇತ್ತು. 1986ರ ಮೇ ತಿಂಗಳ ನಂತರ ತಯಾರಾದ ಯಂತ್ರಬಂದೂಕನ್ನು ನಾಗರಿಕರು ಕೊಳ್ಳುವಂತಿಲ್ಲವೆಂದು ಕಾನೂನಾಯಿತು. ಹೀಗೆ ಸಂಖ್ಯೆ ಅಲ್ಲಿಗೇ ನಿಂತು, ಹಳೆಯ ಥಾಮ್ಸನ್ ಒಂದರ ಬೆಲೆ ಹತ್ತಾರು ಸಾವಿರ ಡಾಲರಿಗೆ ಏರಿದೆ.

ಕೈಗೆಲಸದ ಸೊಬಗನ್ನು ಅರಸುವವರ ಪಟ್ಟಿ ಕೊನೆಗೆ ಲಂಡನ್ ಮುಟ್ಟುತ್ತದೆ. 1814ರಲ್ಲಿ ಆರಂಭವಾದ ಪರ್ಡಿ, 1835ರ ಹಾಲಂಡ್ ಅಂಡ್ ಹಾಲಂಡ್ ಇಂದಿಗೂ ಜೋಡಿ ನಳಿಗೆಯ ಕೋವಿಗಳನ್ನು ಒಬ್ಬೊಬ್ಬ ಗಿರಾಕಿಯ ತೋಳು, ಕತ್ತು, ಕೆನ್ನೆಯ ಅಳತೆ ತೆಗೆದು ಮಾಡಿಕೊಡುತ್ತವೆ. ನಳಿಗೆ ಜೋಡಿಸುವವನು, ಗುಂಡು ಸಿಡಿಸುವ ಯಂತ್ರ ಕೂರಿಸುವವನು, ಅಕ್ರೋಟ ಮರದ ಹಿಡಿ ಕೆತ್ತುವವನು, ಉಕ್ಕಿನ ಮೇಲೆ ಬಳ್ಳಿ ಬಿಡಿಸುವವನು ಬೇರೆಬೇರೆ. ಒಂದು ಕೋವಿ ಮುಗಿಯಲು ನೂರಾರು ಗಂಟೆಗಳ ದುಡಿಮೆ ಬೇಕು; ಬೆಲೆ ಒಂದು ಲಕ್ಷ ಪೌಂಡಿಗೂ ಮೇಲೆ. ಬ್ರಿಟಿಷರ ಕಾಲದಲ್ಲಿ ಇಂಥ ಕಂಪನಿಗಳ ದೊಡ್ಡ ಗಿರಾಕಿಗಳು ಭಾರತದ ಮಹಾರಾಜರು. ಲಂಡನ್ನಿನದೇ ಆದ ರಿಗ್ಬಿ ಕಂಪನಿಯ .275 ರೈಫಲ್ ಒಂದು ಮಾತ್ರ ರಾಜವೈಭವದಿಂದ ಹೆಸರಾದದ್ದಲ್ಲ: 436 ಜನರನ್ನು ಕೊಂದಿತೆನ್ನುವ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಕೊನೆಗಾಣಿಸಿದ್ದಕ್ಕಾಗಿ ಜಿಮ್ ಕಾರ್ಬೆಟ್ ಅವರಿಗೆ ಕೊಟ್ಟ ಉಡುಗೊರೆ ಅದು. ಆ ರೈಫಲ್ ಈಗ ಮತ್ತೆ ರಿಗ್ಬಿ ಕಂಪನಿಯ ಬಳಿಯೇ ಇದೆ.

ಕರ್ನಾಟಕದಲ್ಲಿ ತಯಾರಾಗಿ ಜಗತ್ತಿನ ಸಂಗ್ರಾಹಕರ ಕಣ್ಣು ಸೆಳೆದಿರುವ ಬಂದೂಕುಗಳೂ ಉಂಟು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಫ್ರೆಂಚ್ ತಂತ್ರವನ್ನು ಅರಗಿಸಿಕೊಂಡ ಸ್ಥಳೀಯ ಕುಶಲಕರ್ಮಿಗಳು ಚಕಮಕಿ ಕಲ್ಲಿನ ಬಂದೂಕುಗಳನ್ನು ಮಾಡಿದರು. ಬೆಳ್ಳಿಯ ಕುಸುರಿ, ಹುಲಿಪಟ್ಟೆ, ಹುಲಿಯ ತಲೆಯ ಅಲಂಕಾರ, ಟಿಪ್ಪು ಜಾರಿಗೆ ತಂದ ಪಂಚಾಂಗದ ವರ್ಷ ಇವುಗಳ ಗುರುತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಇವನ್ನು ಲೂಟಿಯ ಪಾಲಾಗಿ ಇಂಗ್ಲೆಂಡಿಗೆ ಒಯ್ದರು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್‌ನಲ್ಲಿ ಟಿಪ್ಪುವಿನ ಕಾಲದ ಆಯುಧಗಳ ಒಂದು ಸಂಗ್ರಹ 60 ಲಕ್ಷ ಪೌಂಡಿಗೂ ಹೆಚ್ಚಿಗೆ ಹರಾಜಾಯಿತು. 2019ರಲ್ಲಿ ಬರ್ಕ್‌ಶೈರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ ಬೆಳ್ಳಿ ಕಟ್ಟಿನ ಬಂದೂಕು 60 ಸಾವಿರ ಪೌಂಡ್ ತಂದಿತು. ಶ್ರೀರಂಗಪಟ್ಟಣದ ಕೈಗೆಲಸದ ಎಷ್ಟೋ ಮಾದರಿಗಳನ್ನು ಕಣ್ಣಾರೆ ಕಾಣಲು ಕನ್ನಡಿಗರು ವಿಂಡ್ಸರಿಗೋ ಲಂಡನ್ನಿಗೋ ಹೋಗಬೇಕಾಗಿರುವುದು ಬೇಸರದ ಸಂಗತಿ.

ಬೆಲೆ ಕಟ್ಟುವ ಬಗೆಯಲ್ಲಿ ಹೊಸಬರು ಎಡವುವುದು ಒಂದೇ ಕಡೆ: ಹಳೆಯ ಬಂದೂಕನ್ನು ಉಜ್ಜಿ ಹೊಳೆಯುವಂತೆ ಮಾಡುವುದು. ನೂರು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಕೊಟ್ಟ ನೀಲಿ ಹೊಳಪು ಅರ್ಧ ಮಾಸಿದ್ದರೂ ಅದೇ ಬೇಕು. ಹೊಸದಾಗಿ ಬಣ್ಣ ಕಟ್ಟಿದರೆ ಬೆಲೆ ಅರ್ಧಕ್ಕಿಂತ ಕೆಳಗೆ ಬೀಳಬಹುದು. ಅಚ್ಚು ಒತ್ತಿದ ಅಕ್ಷರಗಳ ಅಂಚು ಚೂಪಾಗಿರಬೇಕು, ತಿರುಪುಗಳ ಗೀರು ಕೆಟ್ಟಿರಬಾರದು. ಬೆಲೆ ಇರುವಲ್ಲಿ ನಕಲಿಯೂ ಇರುತ್ತದೆ. ಸಾಮಾನ್ಯ ಕೋಲ್ಟ್‌ಗೆ ಐನ್ಸ್‌ವರ್ತ್ ಮುದ್ರೆ ಒತ್ತಿ ಮಾರಿದವರಿದ್ದಾರೆ. ಅದಕ್ಕೇ ಅನುಭವಿಗಳು ಕಂಪನಿಯ ದಾಖಲೆಯಿಂದ ಪತ್ರ ತರಿಸುತ್ತಾರೆ: ಈ ಸಂಖ್ಯೆಯ ಬಂದೂಕು ಯಾವ ದಿನ, ಎಷ್ಟು ಉದ್ದದ ನಳಿಗೆಯೊಂದಿಗೆ, ಯಾವ ಅಂಗಡಿಗೆ ಹೋಯಿತು ಎಂಬ ವಿವರ ಅದರಲ್ಲಿರುತ್ತದೆ.

ಸಂಗ್ರಹಕ್ಕೆ ಬಂದಮಾತ್ರಕ್ಕೆ ಬಂದೂಕು ನಿರಪಾಯಕಾರಿ ಆಗುವುದಿಲ್ಲ. ಅಮೆರಿಕದಲ್ಲಿ 2021ರ ಒಂದೇ ವರ್ಷ ಬಂದೂಕಿಗೆ ಬಲಿಯಾದವರು 48,830 ಮಂದಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆತ್ಮಹತ್ಯೆ. ಮನೆಯಲ್ಲಿ ಬಂದೂಕು ಕೈಗೆ ಸಿಗುವಂತಿದ್ದದ್ದೇ ಎಷ್ಟೋ ಸಾವಿಗೆ ಕಾರಣ. ಹೊಣೆಯರಿತ ಸಂಗ್ರಾಹಕರು ಬಂದೂಕನ್ನು ಗುಂಡು ತೆಗೆದು ಉಕ್ಕಿನ ಕಪಾಟಿನಲ್ಲಿ, ತೋಟಾಗಳನ್ನು ಬೇರೆಡೆ ಬೀಗ ಹಾಕಿ ಇಡುತ್ತಾರೆ. ಈ ಎಚ್ಚರವಿಲ್ಲದವನಿಗೆ ಈ ಹವ್ಯಾಸ ಬೇಡ.

ಭಾರತದಲ್ಲಿ ಅಮೆರಿಕದಂಥ ಬಯಕೆಪಟ್ಟಿಗೆ ಅವಕಾಶ ಕಡಿಮೆ. 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಎಂದಿತು. ಹಿರಿಯರಿಂದ ಬಂದದ್ದೂ ಆ ಎರಡರ ಲೆಕ್ಕದಲ್ಲೇ ಸೇರಬೇಕು, ಕ್ರೀಡಾ ಗುರಿಕಾರರಿಗಷ್ಟೇ ಹೆಚ್ಚಿನ ಅವಕಾಶ. 9 ಮಿಲಿಮೀಟರ್, .303ರಂಥ ಸೇನಾ ಅಳತೆಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ರಿಪೇರಿ ಮಾಡಿದರೂ ಹಾರದ, ಪುರಾತನ ಮೌಲ್ಯದ ಆಯುಧಗಳಿಗೆ ಮಾತ್ರ ಕಾಯ್ದೆ ಅನ್ವಯಿಸುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯಿದೆ; ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಲ್ಲಿ ಕೋವಿ ಸಂಗ್ರಹದ ವಸ್ತುವಲ್ಲ. ಕೈಲ್‌ಪೊಳ್ದ್ ಹಬ್ಬದಂದು ಪೂಜೆಗೊಳ್ಳುವ, ಮನೆಯಲ್ಲಿ ಹುಟ್ಟು-ಸಾವಾದಾಗ ಗುಂಡು ಹಾರಿಸಿ ಊರಿಗೆ ತಿಳಿಸುವ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೆ ಹೆಗಲೇರುವ ಮನೆಯ ಆಸ್ತಿ ಅದು.

ಕೊಡಗಿನಲ್ಲೂ ಮಲೆನಾಡಿನಲ್ಲೂ ಎಷ್ಟೋ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಕೇಪಿನ ಕೋವಿ, ತೋಟಾ ಕೋವಿಗಳು ಇನ್ನೂ ಇವೆ. ಅಂಥ ಕೋವಿಯಿರುವ ಮನೆಯವರು ಲೈಸೆನ್ಸ್ ಅಥವಾ ವಿನಾಯಿತಿ ಪತ್ರವನ್ನು ಕ್ರಮದಲ್ಲಿಟ್ಟುಕೊಳ್ಳಲಿ, ನಳಿಗೆಯ ಮೇಲಿನ ಹೆಸರು-ಸಂಖ್ಯೆಗಳನ್ನು ನಕಲು ಮಾಡಿಕೊಳ್ಳಲಿ, ಅದು ಯಾರಿಂದ ಯಾವಾಗ ಬಂತೆಂಬುದನ್ನು ತಿಳಿದ ಹಿರಿಯರು ಇರುವಾಗಲೇ ಬರೆದಿಡಲಿ. ಇಟ್ಟುಕೊಳ್ಳಲಾಗದವರು ಗುಜರಿಗೆ ಹಾಕುವ ಮೊದಲು, ಕಾನೂನಿನ ಕ್ರಮ ಅನುಸರಿಸಿ, ವಸ್ತುಸಂಗ್ರಹಾಲಯವೊಂದನ್ನು ವಿಚಾರಿಸಲಿ.